ರೀಡ್‌ಬ್ಯಾಕ್ ಬರುವಾಗ ನಾನು ಬೇರೆ ಕೆಲಸ ಮುಟ್ಟುವುದಿಲ್ಲ

ನಾನು ಅಪ್ರೋಚ್ ಕಂಟ್ರೋಲರ್. ಇಳಿಯಲು ಬರುವ ವಿಮಾನಗಳನ್ನು ರೇಡಾರ್ ನೋಡಿಕೊಂಡು ಸಾಲಿಗೆ ತರುವುದು ನನ್ನ ಕೆಲಸ. ನಿಮ್ಮದು ದಿನವಿಡೀ ಮಾತಾಡುವ ಕೆಲಸ ಅಲ್ವಾ ಅಂತ ಜನ ಕೇಳುತ್ತಾರೆ. ಮಾತು ಬೇಗ ಬರುತ್ತದೆ, ಪ್ರಯಾಗ್‌ರಾಜ್‌ನ ಟ್ರೈನಿಂಗ್ ಕಾಲೇಜಿನಲ್ಲಿ ಅದನ್ನು ಬಾಯಿಪಾಠ ಮಾಡಿಸಿಯೇ ಕಳಿಸುತ್ತಾರೆ. ಕಿವಿ ಪಳಗುವುದಕ್ಕೆ ಮಾತ್ರ ವರ್ಷಗಳೇ ಬೇಕು.

ಹನ್ನೊಂದು ಸಾವಿರ ಅಡಿಗೆ ಇಳಿಯಿರಿ ಎಂದು ನಾನು ಹೇಳಿದರೆ ಪೈಲಟ್ ಅದನ್ನೇ ತಿರುಗಿ ಹೇಳಬೇಕು. ಅದು ರೀಡ್‌ಬ್ಯಾಕ್. ಎತ್ತರ, ಹೆಡಿಂಗ್ (ಹೋಗಬೇಕಾದ ದಿಕ್ಕು), ರನ್‌ವೇ, ಕ್ಯೂಎನ್‌ಎಚ್ (ಎತ್ತರ ಅಳೆಯುವ ಉಪಕರಣಕ್ಕೆ ಹೊಂದಿಸುವ ಗಾಳಿಯ ಒತ್ತಡ), ಟ್ರಾನ್ಸ್‌ಪಾಂಡರ್ ಕೋಡ್ (ರೇಡಾರ್‌ನಲ್ಲಿ ವಿಮಾನ ಗುರುತಿಸುವ ಸಂಖ್ಯೆ), ಇವಕ್ಕೆಲ್ಲ ಬರೀ 'ರೋಜರ್', ಅಂದರೆ ಕೇಳಿಸಿತು ಎಂದರೆ ಸಾಲದು. 'ಒನ್ ಒನ್ ಥೌಸಂಡ್' ಎಂದದ್ದಕ್ಕೆ 'ಒನ್ ಝೀರೋ ಥೌಸಂಡ್' ಎಂದು ಉತ್ತರ ಬಂದರೆ ಅದನ್ನು ಹಿಡಿಯಬೇಕಾದವನು ನಾನು. ತೊಂದರೆ ಏನೆಂದರೆ, ಹನ್ನೊಂದು ಎಂದು ಹೇಳಿದ ಮೇಲೆ ಕಿವಿ ಹನ್ನೊಂದಕ್ಕೇ ಕಾಯುತ್ತಿರುತ್ತದೆ. ಹತ್ತು ಬಂದರೂ ಹನ್ನೊಂದೇ ಕೇಳಿಸಿಬಿಡುತ್ತದೆ, ಅದರಲ್ಲೂ ಮನಸ್ಸು ಆಗಲೇ ಮುಂದಿನ ವಿಮಾನದ ಲೆಕ್ಕ ಹಾಕುತ್ತಿದ್ದರೆ.

ಕೌಲಾಲಂಪುರದ ಕಥೆ ನೋಡಿ. 1989ರ ಫೆಬ್ರವರಿ 19. ಫ್ಲೈಯಿಂಗ್ ಟೈಗರ್ ಕಂಪನಿಯ 747 ಸರಕು ವಿಮಾನ. 'ಡಿಸೆಂಡ್ ಟೂ ಫೋರ್ ಝೀರೋ ಝೀರೋ' ಎಂದರು ಕಂಟ್ರೋಲರ್, ಅಂದರೆ 2,400 ಅಡಿ. ಪೈಲಟ್‌ಗೆ ಆ 'ಟೂ' ಎರಡು ಎಂಬ ಅಂಕಿಯಾಗಿ ಕೇಳಿಸಲೇ ಇಲ್ಲ, ಇಷ್ಟು ಅಡಿ'ಗೆ' ಎನ್ನುವ ಇಂಗ್ಲಿಷಿನ 'ಟು' ಆಯಿತು. 400 ಎಂದು ತಿರುಗಿ ಹೇಳಿದರು. ತಪ್ಪು ರೀಡ್‌ಬ್ಯಾಕ್ ಬಂದಿತ್ತು, ತಿದ್ದಲು ಅವಕಾಶವೂ ಇತ್ತು, ಯಾರೂ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ನಾಲ್ವರೂ ಸತ್ತರು. ನಾನು ಅಂಕಿಗೆ ಮೊದಲು 'ಆಲ್ಟಿಟ್ಯೂಡ್', ಕೊನೆಗೆ 'ಫೀಟ್' ಎಂದು ಎಷ್ಟೇ ಗಡಿಬಿಡಿಯಲ್ಲೂ ಸೇರಿಸುವುದು ಇದಕ್ಕೇ.

ನನ್ನ ರೂಢಿ ಸರಳ. ಹೇಳುತ್ತಲೇ ಸ್ಟ್ರಿಪ್ ಮೇಲೆ, ಅಂದರೆ ಆ ವಿಮಾನದ ವಿವರ ಇರುವ ಪಟ್ಟಿಯ ಮೇಲೆ, ಅಂಕಿ ಬರೆಯುತ್ತೇನೆ. ರೀಡ್‌ಬ್ಯಾಕ್ ಬರುವಾಗ ಪೆನ್ನಿನ ತುದಿ ಆ ಅಂಕಿಯ ಮೇಲೇ ಇರುತ್ತದೆ, ಕೇಳಿದ್ದು ಬರೆದದ್ದಕ್ಕೆ ತಾಳೆಯಾದರೆ ಮಾತ್ರ ಕೆಳಗೆ ಗೆರೆ ಎಳೆಯುತ್ತೇನೆ. ಆ ಎರಡು ಮೂರು ಸೆಕೆಂಡು ಹಾಟ್‌ಲೈನ್ ಫೋನ್ ಬಡಿದುಕೊಂಡರೂ ಎತ್ತುವುದಿಲ್ಲ. ಪಕ್ಕದವರು ಏನಾದರೂ ಕೇಳಿದರೆ ಅಂಗೈ ತೋರಿಸುತ್ತೇನೆ. ಸೊಕ್ಕು ಅಂದುಕೊಂಡವರೂ ಇದ್ದಾರೆ, ಅಂದುಕೊಳ್ಳಲಿ.

ಅನುಮಾನ ಬಂದಾಗ ಕೇಳುವ ರೀತಿಯೂ ಮುಖ್ಯ. 'ಹನ್ನೊಂದು ಸಾವಿರ ತಾನೇ?' ಎಂದು ಕೇಳಿದರೆ ಉತ್ತರವನ್ನು ನಾನೇ ಬಾಯಿಗೆ ಇಟ್ಟಂತಾಯಿತು. ಎಂಟು ಗಂಟೆ ಹಾರಿ ಸುಸ್ತಾದ ಪೈಲಟ್ 'ಅಫರ್ಮ್', ಅಂದರೆ ಹೌದು, ಎಂದುಬಿಡುತ್ತಾನೆ. ಅದಕ್ಕೆ 'ನಿಮ್ಮ ಕ್ಲಿಯರ್ಡ್ ಲೆವೆಲ್ (ಅನುಮತಿ ಸಿಕ್ಕ ಎತ್ತರ) ಹೇಳಿ' ಎಂದಷ್ಟೇ ಕೇಳುತ್ತೇನೆ. ಅಂಕಿ ಅವರ ಬಾಯಿಂದಲೇ ಬರಬೇಕು.

ಒಂದೇ ಉಸಿರಿನಲ್ಲಿ ಹೆಡಿಂಗ್, ಎತ್ತರ, ಸ್ಪೀಡ್, ಹೊಸ ಫ್ರೀಕ್ವೆನ್ಸಿ ಎಲ್ಲ ಸುರಿಯುವುದೂ ಬೇಡ. ಎರಡು ಸೂಚನೆ ಸಾಕು. ಸಮಯ ಉಳಿಯುತ್ತದೆ ಅಂದುಕೊಂಡು ಮೂರು ನಾಲ್ಕು ಕೊಟ್ಟರೆ 'ಸೇ ಅಗೇನ್' ಬಂದು ಇದ್ದ ಸಮಯವೂ ಹೋಗುತ್ತದೆ. ಎದುರು ಬರುವ ವಿಮಾನದ ಎತ್ತರ ಹೇಳುವಾಗ ಇನ್ನೂ ಜಾಸ್ತಿ ಎಚ್ಚರ, ಯಾಕೆಂದರೆ ಆ ಅಂಕಿ ಅವರು ಪಾಲಿಸಬೇಕಾದದ್ದಲ್ಲ, ಬರೀ ತಿಳಿದಿರಲಿ ಅಂತ ಕೊಟ್ಟದ್ದು. ಹರಿಯಾಣದ ಚರ್ಖಿ ದಾದ್ರಿಯಲ್ಲಿ, 1996ರ ನವೆಂಬರ್ 12ರಂದು, ಕಝಾಕ್ ವಿಮಾನಕ್ಕೆ 15,000 ಅಡಿವರೆಗೆ ಮಾತ್ರ ಇಳಿಯಲು ಅನುಮತಿ ಇತ್ತು. ಎದುರಿನ ಸೌದಿ ವಿಮಾನ 14,000ದಲ್ಲಿದೆ ಎಂದೂ ಹೇಳಲಾಗಿತ್ತು. ಕಝಾಕ್ ವಿಮಾನದವರು 15,000 ದಾಟಿ ಕೆಳಗಿಳಿದರು, ಎರಡೂ ವಿಮಾನ ಡಿಕ್ಕಿಯಾಗಿ 349 ಜನ ಸತ್ತರು. ಅಂದಿನ ದೆಹಲಿ ರೇಡಾರ್‌ನಲ್ಲಿ ಎತ್ತರ ಕಾಣುತ್ತಿರಲಿಲ್ಲ, ಕಂಟ್ರೋಲರ್‌ಗೆ ಗೊತ್ತಾಗಲು ಪೈಲಟ್ ಬಾಯಿ ಬಿಡಬೇಕಿತ್ತು. ಕಝಾಕ್ ಸಿಬ್ಬಂದಿಗೆ ಇಂಗ್ಲಿಷ್ ಸಾಲದಾಗಿತ್ತು ಎಂಬುದು ತನಿಖೆಯಲ್ಲಿ ಬಂತು. ನನಗೆ ಮಾತ್ರ ಆ ಮಾತುಕತೆ ಓದಿದಾಗಲೆಲ್ಲ ಕಾಣುವುದು ಎರಡು ಎತ್ತರ, ನಡುವೆ ಮೈಲಿಗಳ ಲೆಕ್ಕ, ಎಲ್ಲ ಒಂದರ ಹಿಂದೆ ಒಂದು. ಹೀಗೆ ಬೇರೆ ವಿಮಾನದ ಮಾಹಿತಿ ಕೊಟ್ಟ ಮೇಲೆ ನಾನು 'ಮೇಂಟೇನ್' (ಅಲ್ಲೇ ಇರಿ) ಎಂದು ಅವರದೇ ಎತ್ತರವನ್ನು ಇನ್ನೊಮ್ಮೆ ಹೇಳಿ ಮುಗಿಸುತ್ತೇನೆ.

ಕನ್ನಡದ ಪೈಲಟ್ ಸಿಕ್ಕರೆ ಖುಷಿಯೇ, 'ನಮಸ್ಕಾರ' ಎಂದರೆ ನಾನೂ ಅನ್ನುತ್ತೇನೆ. ಅಲ್ಲಿಗೆ ನಿಲ್ಲಿಸುತ್ತೇನೆ, ಉಳಿದದ್ದೆಲ್ಲ ಇಂಗ್ಲಿಷಿನಲ್ಲೇ. ಅದೇ ಫ್ರೀಕ್ವೆನ್ಸಿಯಲ್ಲಿರುವ ಉಳಿದವರು ನಮ್ಮ ಮಾತು ಕೇಳಿಯೇ ಯಾರು ಎಲ್ಲಿದ್ದಾರೆ ಅಂತ ಅಂದಾಜು ಮಾಡಿಕೊಳ್ಳುತ್ತಿರುತ್ತಾರೆ.

ಇನ್ನು ಮಾತಾಡಲು ಒತ್ತುವ ಮೈಕ್ ಬಟನ್. ಮಾತು ಶುರು ಮಾಡಿ ಆಮೇಲೆ ಒತ್ತಿದರೆ ಕಾಲ್‌ಸೈನ್, ಅಂದರೆ ವಿಮಾನವನ್ನು ಕರೆಯುವ ಹೆಸರು, ತಲೆ ಕತ್ತರಿಸಿಕೊಂಡು ಹೋಗುತ್ತದೆ, ಬೇಗ ಬಿಟ್ಟರೆ ಕೊನೆಯ ಅಂಕಿ ನುಂಗಿಹೋಗುತ್ತದೆ. 452 ಮತ್ತು 425 ಸಂಖ್ಯೆಯ ವಿಮಾನಗಳು ಒಟ್ಟಿಗೆ ಇರುವ ದಿನ ಇದೊಂದೇ ಸಾಕು ತಲೆ ಕೆಡಲು. ಅಂಥ ದಿನ ಇಬ್ಬರಿಗೂ ಮೊದಲೇ ಎಚ್ಚರಿಸುತ್ತೇನೆ.

ಟ್ರೇನಿಗಳು ಬಂದಾಗ ಹಳೇ ರೆಕಾರ್ಡಿಂಗ್ ಹಾಕಿ ಕೂರಿಸುತ್ತೇನೆ. ಕಂಟ್ರೋಲರ್ ಮಾತು ಕೇಳಿಸುವುದಿಲ್ಲ, ಪೈಲಟ್ ಮಾತು ಮಾತ್ರ. ಅಂಕಿ ಬರೆಯಬೇಕು. ಏನು ಬರಬೇಕು ಅಂತ ಮೊದಲೇ ಗೊತ್ತಿಲ್ಲದಿದ್ದಾಗ ಎಷ್ಟು ತಪ್ಪು ಕೇಳಿಸುತ್ತದೆ ಅಂತ ನೋಡಿ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಆಮೇಲೆ ಎರಡೂ ಕಡೆಯ ಮಾತು ಹಾಕಿ, ಎಲ್ಲಿ ತಾಳೆಯಾಗಲಿಲ್ಲ ಅಂತ ಹುಡುಕಿಸುತ್ತೇನೆ.