ಮೇಲಂಗಿಯನ್ನು ತೆಗೆದುಕೊಂಡು ಬಾ

ಹಿಮ ಬಿದ್ದ ಮೊದಲ ವಾರ ಎಲ್ಲರೂ ಭಕ್ತರೇ. ಪಾಪಗಳು ಕಡುಗೆಂಪಾಗಿದ್ದರೂ ಹಿಮದಂತೆ ಬೆಳ್ಳಗಾಗುವವು ಎಂಬ ಪ್ರವಾದಿ ಯೆಶಾಯನ ಮಾತು, ಅದರ ಕೆಳಗೆ ಬಿಳಿ ಹೊದ್ದ ಮರದ ಚಿತ್ರ. ಮೊಬೈಲ್ ತುಂಬ ಅದೇ. ಆರನೆಯ ವಾರಕ್ಕೆ ಆ ಬಿಳುಪು ರಸ್ತೆಯಂಚಿನಲ್ಲಿ ಮಸಿ ಬಳಿದುಕೊಂಡು ಗುಡ್ಡೆಯಾಗಿ ಕೂತಿರುತ್ತದೆ. ವಚನ ಕಳಿಸುವವರು ಯಾರೂ ಇರುವುದಿಲ್ಲ. ನಾನು ಹೇಳಹೊರಟಿರುವುದು ಆ ಆರನೆಯ ವಾರದ ಸಂಗತಿ.

ವಾರಕ್ಕೊಮ್ಮೆ ಸೇರುವ ಒಂದು ಸಣ್ಣ ಸತ್ಯವೇದ (ಬೈಬಲ್) ಅಧ್ಯಯನ ಗುಂಪನ್ನು ನಾನು ನಡೆಸುತ್ತೇನೆ. ಆ ವಾರಕ್ಕೆ ‘ಚಳಿಗಾಲ ಕಲಿಸುವ ತಾಳ್ಮೆ’ ಎಂಬ ಪಾಠ ಸಿದ್ಧ ಮಾಡಿಕೊಂಡಿದ್ದೆ. ಬೆಚ್ಚಗಿನ ಕೋಣೆಯಲ್ಲಿ ಕೂತು ಬರೆದದ್ದು, ಹಾಗಾಗಿ ಚೆನ್ನಾಗಿಯೇ ಬಂದಿತ್ತು. ಅದರ ಮರುದಿನ ರಾತ್ರಿ ಮನೆಯ ಹೀಟರ್ ನಿಂತುಹೋಯಿತು. ಹೊರಗೆ ಸೊನ್ನೆಗಿಂತ 22 ಡಿಗ್ರಿ ಕೆಳಗೆ. ರಿಪೇರಿಯವರು ಬರಲು ಮೂರು ದಿನವಾಗುತ್ತದೆ ಎಂಬ ಉತ್ತರ ಬಂತು.

ಕೊಳವೆಯಲ್ಲಿ ನೀರು ಹೆಪ್ಪುಗಟ್ಟದಿರಲೆಂದು ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಟ್ಟೆ. ನನ್ನ ಉಸಿರಿನ ತೇವವೇ ಕಿಟಕಿಯ ಗಾಜಿನ ಒಳಮೈಯಲ್ಲಿ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ತಾಳ್ಮೆಯ ಪಾಠವನ್ನು ಇನ್ನೊಮ್ಮೆ ಓದಿದೆ. ಬರೆದವನ ಮೇಲೆ ಸಿಟ್ಟು ಬಂತು.

ಕೀರ್ತನೆಗಳನ್ನು ಓದೋಣವೆಂದು ಸತ್ಯವೇದ ತೆರೆದೆ. ಅದರ ಹಾಳೆಗಳು ಎಷ್ಟು ತೆಳುವೆಂದು ಓದುವವರಿಗೆ ಗೊತ್ತು. ಕೈಗವಸು ಹಾಕಿಕೊಂಡು ಒಂದು ಹಾಳೆ ತಿರುವಲು ಹೋದರೆ ನೂರಾರು ಹಾಳೆಗಳು ಒಟ್ಟಿಗೆ ಮಗುಚಿದವು. ಕಣ್ಣಿಗೆ ಬಿದ್ದದ್ದು ಅಪೊಸ್ತಲ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯ ಅಧ್ಯಾಯ. ಇದನ್ನು ಪವಾಡ ಎನ್ನಬೇಡಿ, ಕೈಗವಸು ದಪ್ಪವಿತ್ತು ಅಷ್ಟೇ.

ಪೌಲ ಸೆರೆಯಲ್ಲಿದ್ದಾನೆ, ಮರಣ ಹತ್ತಿರವಾಗಿದೆ ಎಂದು ಅವನಿಗೆ ಗೊತ್ತು. ‘ಒಳ್ಳೆಯ ಹೋರಾಟ ಹೋರಾಡಿದ್ದೇನೆ’ ಎಂಬ ಪ್ರಸಿದ್ಧ ಮಾತು ಅಲ್ಲಿಯೇ ಇದೆ. ಅದಾದ ಐದಾರು ವಾಕ್ಯಗಳಿಗೇ, ತ್ರೋವದಲ್ಲಿ ಕರ್ಪನ ಬಳಿ ಬಿಟ್ಟುಬಂದ ಮೇಲಂಗಿಯನ್ನು ತೆಗೆದುಕೊಂಡು ಬಾ, ಪುಸ್ತಕಗಳನ್ನೂ ತಾ ಎನ್ನುತ್ತಾನೆ. ಇನ್ನೂ ಕೆಳಗೆ, ಚಳಿಗಾಲಕ್ಕೆ ಮುಂಚೆಯೇ ಬರಲು ಪ್ರಯತ್ನ ಮಾಡು ಎಂದು ಕೇಳಿಕೊಳ್ಳುತ್ತಾನೆ. ಆ ವಾಕ್ಯದ ಮೇಲೆ ಯಾರೂ ಪ್ರಸಂಗ ಮಾಡಿದ್ದನ್ನು ನಾನು ಕೇಳಿಲ್ಲ. ಸಭೆಗಳಿಗೆ ಬುದ್ಧಿ ಹೇಳಿದ ಅಪೊಸ್ತಲ ಚಳಿಯಿಂದ ಏನು ಕಲಿತೆನೆಂದು ಬರೆಯಲಿಲ್ಲ. ಅಂಗಿ ಕೇಳಿದ. ಯಾವ ಊರು, ಯಾರ ಮನೆ ಎಂಬುದನ್ನೂ ಸೇರಿಸಿ ಕೇಳಿದ.

ಎರಡನೆಯ ಸಂಜೆ ಪಕ್ಕದ ಮನೆಯ ಹಿರಿಯಮ್ಮ ಬಾಗಿಲು ತಟ್ಟಿದರು. ನಮ್ಮ ಸಭೆಯವರೇ, ಒಂಟಿಯಾಗಿ ಇರುವವರು. ನಮ್ಮ ಮನೆಯಲ್ಲಿ ಬಂದು ಮಲಗಿ ಎಂದರು. “ಪರವಾಗಿಲ್ಲ ಅಮ್ಮ, ದೇವರ ದಯೆಯಿಂದ ಆರಾಮವಾಗಿದ್ದೇನೆ” ಎಂದೆ. ಮಾತಿನ ನಡುವೆ ಹಲ್ಲು ಕಟಕಟ ಎನ್ನುತ್ತಿತ್ತು. ಅವರು ನನ್ನ ಬೆನ್ನ ಹಿಂದಿನ ಕತ್ತಲೆಯನ್ನು ಒಮ್ಮೆ ನೋಡಿ, “ಬ್ರದರ್, ಕತ್ತಲೆ, ಕಟಕಟನೆ ಹಲ್ಲು ಕಡಿಯೋಣ, ಎರಡೂ ಇರುವ ಸ್ಥಳದಲ್ಲಿ ಯಾರಾದರೂ ಆರಾಮವಾಗಿದ್ದರೆಂದು ಸತ್ಯವೇದದಲ್ಲಿ ನಾನಂತೂ ಓದಿಲ್ಲ. ಬನ್ನಿ” ಎಂದರು. ಅದು ಯೇಸು ಹೇಳಿದ ನರಕದ ವರ್ಣನೆ. ಹೋದೆ.

ಅವರ ಒಲೆಯ ಮುಂದೆ ಕೂತು ಒಂದು ನೋಟ್‌ಬುಕ್ಕಿನಲ್ಲಿ ಸತ್ಯವೇದದ ಚಳಿಯ ಜಾಗಗಳನ್ನೆಲ್ಲ ಬರೆದುಕೊಳ್ಳತೊಡಗಿದೆ. ಆ ಚಳಿಗಾಲವಿಡೀ ನಾನು ಮಾಡಿದ ಕೆಲಸ ಅದೊಂದೇ. 147ನೆಯ ಕೀರ್ತನೆ ದೇವರು ಹಿಮವನ್ನು ಉಣ್ಣೆಯಂತೆ ಕೊಡುತ್ತಾನೆ ಎನ್ನುತ್ತದೆ, ಮರುವಾಕ್ಯದಲ್ಲೇ ಆತನ ಚಳಿಯ ಎದುರು ಯಾರು ನಿಂತಾರು ಎಂದು ಕೇಳುತ್ತದೆ. ಸ್ತುತಿಯೂ ಗೊಣಗಾಟವೂ ಒಂದೇ ಉಸಿರಿನಲ್ಲಿ. ನನಗೆ ಅದು ಹಿಡಿಸಿತು. ಉಣ್ಣೆ ಎಂಬುದನ್ನು ಬರೀ ಬಣ್ಣದ ಹೋಲಿಕೆ ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ಥರ್ಮಾಮೀಟರನ್ನು ಒಂದೂವರೆ ಅಡಿ ಹಿಮದ ಕೆಳಗೆ, ನೆಲಕ್ಕೆ ತಾಗುವಂತೆ ಹೂತಿಟ್ಟು ನೋಡಿದೆ. ಮೇಲೆ ಮೈನಸ್ 18, ಕೆಳಗೆ ಮೈನಸ್ 2. ಹೊಸ ಹಿಮದ ಬಹುಪಾಲು ಗಾಳಿಯೇ. ಉಣ್ಣೆಯ ಹಾಗೆ ಅದು ಗಾಳಿಯನ್ನು ಹಿಡಿದಿಟ್ಟುಕೊಂಡು ನೆಲದ ಶಾಖ ಹೋಗದಂತೆ ತಡೆಯುತ್ತದೆ. ಶರತ್ಕಾಲದಲ್ಲಿ ಬಿತ್ತಿದ ಚಳಿಗಾಲದ ಗೋಧಿ ಅದರಡಿಯಲ್ಲಿ ಬದುಕಿಕೊಳ್ಳುತ್ತದೆ, ಮೇಲಾಗಿ ಕೆಲವು ವಾರಗಳ ಚಳಿ ತಾಗದಿದ್ದರೆ ಆ ಗೋಧಿ ಸರಿಯಾಗಿ ತೆನೆ ಬಿಡುವುದೂ ಇಲ್ಲ.

ಗೋಧಿಗೆ ಚಳಿ ಬೇಕು ಎಂದರೆ ಮನುಷ್ಯನಿಗೂ ಬೇಕು ಎಂದು ಹೇಳಲು ನಾಲಿಗೆ ತುರಿಸುತ್ತದೆ. ನಾನು ಹೇಳುವುದಿಲ್ಲ. ಬೀದಿಯಲ್ಲಿ ಮಲಗಿ ಚಳಿಗೆ ಸತ್ತವನಿಗೆ ದೇವರು ಪಾಠ ಕಲಿಸುತ್ತಿದ್ದನೆಂದು ನನ್ನಿಂದ ನಂಬಲಾಗದು. ಬಟ್ಟೆಯಿಲ್ಲದವನಿಗೆ ಏನೂ ಕೊಡದೆ ‘ಬೆಂಕಿ ಕಾಯಿಸಿಕೋ, ಹೊಟ್ಟೆ ತುಂಬಿಸಿಕೋ’ ಎಂದು ಹೇಳಿ ಕಳಿಸುವ ಭಕ್ತಿಯನ್ನು ಯಾಕೋಬನ ಪತ್ರ ಸತ್ತದ್ದು ಎನ್ನುತ್ತದೆ. ನನ್ನ ತಾಳ್ಮೆಯ ಪಾಠ ಅದೇ ಜಾತಿಯದು.

ನೋಟ್‌ಬುಕ್ಕಿನಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಎರಡು ಬೆಂಕಿಗಳ ಬಳಿ. ಹೊಸ ಒಡಂಬಡಿಕೆಯಲ್ಲಿ ‘ಇದ್ದಲಿನ ಬೆಂಕಿ’ ಎಂಬ ಗ್ರೀಕ್ ಪದ ಬರುವುದು ಎರಡೇ ಕಡೆ, ಎರಡೂ ಯೋಹಾನನ ಸುವಾರ್ತೆಯಲ್ಲಿ. 18ನೆಯ ಅಧ್ಯಾಯದಲ್ಲಿ ಚಳಿಯೆಂದು ಆಳುಗಳು ಬೆಂಕಿ ಮಾಡಿದ್ದಾರೆ, ಯೇಸುವಿನ ಶಿಷ್ಯ ಪೇತ್ರ ಅವರ ಜೊತೆ ನಿಂತು ಕೈ ಕಾಯಿಸಿಕೊಳ್ಳುತ್ತಲೇ ಯೇಸುವನ್ನು ಅರಿಯೆನೆನ್ನುತ್ತಾನೆ. 21ರಲ್ಲಿ ನೀರಿಗೆ ಧುಮುಕಿ ಒದ್ದೆಯಾಗಿ ದಡಕ್ಕೆ ಬಂದ ಅದೇ ಪೇತ್ರನಿಗೆ ಇದ್ದಲಿನ ಬೆಂಕಿ ಕಾದಿದೆ. ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಅವನ ತಪ್ಪನ್ನು ಎತ್ತುವ ಮೊದಲು ಯೇಸು ಅವನಿಗೆ ಊಟ ಕೊಡುತ್ತಾನೆ. ದೇವರ ದಯೆಯ ಹೆಸರಿನಲ್ಲಿ ಹಸಿ ಸುಳ್ಳು ಹೇಳಿ ಬಂದ ನಾನು, ಹಿರಿಯಮ್ಮನ ಒಲೆಯ ಮುಂದೆ ಅಂಗೈ ಚಾಚಿಕೊಂಡು ಇದನ್ನು ಓದುತ್ತಿದ್ದೆ.

ಪೌಲನಿದ್ದ ಹಡಗು ಒಡೆದು 276 ಜನ ಮೆಲೀತೆ (ಈಗಿನ ಮಾಲ್ಟಾ) ದ್ವೀಪ ಸೇರಿದಾಗ ಮಳೆ, ಚಳಿ ಎಂದು ಬೆಂಕಿ ಹೊತ್ತಿಸಿಕೊಟ್ಟವರು ಯೇಸುವಿನ ಹೆಸರನ್ನೇ ಕೇಳದ ದ್ವೀಪವಾಸಿಗಳು. ಇದನ್ನೂ ಬರೆದುಕೊಂಡೆ. ಸತ್ಯವೇದದ ಹೊರಗಿನದು ಒಂದೇ ಒಂದು: ಈಗಿನ ಫ್ರಾನ್ಸಿನ ಅಮಿಯಾ ಊರಿನ ಬಾಗಿಲಲ್ಲಿ ಬಟ್ಟೆಯಿಲ್ಲದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟ ಸೈನಿಕ ಮಾರ್ಟಿನ್, ಮುಂದೆ ತೂರ್ ನಗರದ ಬಿಷಪ್ ಆದವನು. ಆ ವರ್ಷದ ಚಳಿಗೆ ಅನೇಕರು ಸತ್ತಿದ್ದರೆಂದು ಅವನ ಜೀವನಚರಿತ್ರೆ ಹೇಳುತ್ತದೆ. ಅರ್ಧ ಅಂಗಿಯಲ್ಲಿ ಇಬ್ಬರಿಗೂ ಅರ್ಧ ಚಳಿ ಉಳಿದೇ ಇದ್ದಿರಬೇಕು.

ಹಿಮ ಎತ್ತುವಾಗ ಪ್ರಾರ್ಥಿಸುತ್ತೇನೆ ಎಂದು ಮಾಡಿಕೊಂಡ ನಿರ್ಧಾರ ಮಾತ್ರ ನಿಲ್ಲಲಿಲ್ಲ. ಹತ್ತು ಸಲಿಕೆ ಎತ್ತುವಷ್ಟರಲ್ಲಿ ಏದುಸಿರು. ಅಂಗಳ ಬಳಿದು ಮುಗಿಸಿ ಬೆನ್ನು ನೆಟ್ಟಗೆ ಮಾಡುವಾಗ ಹಿಮ ಸರಿಸುವ ಗಾಡಿ ಬಂದು ರಸ್ತೆಯ ಹಿಮವನ್ನೆಲ್ಲ ನಮ್ಮ ಗೇಟಿನ ಬಾಯಿಗೇ ತುಂಬಿ ಹೋಗುತ್ತದೆ. ಆಗ ಬಾಯಿಗೆ ಬರುವ ಮಾತು ಪ್ರಾರ್ಥನೆಯಲ್ಲ.

ಆ ವಾರ ಅಧ್ಯಯನಕ್ಕೆ ಬಂದವರು ಐದೇ ಜನ. ಪಾಠ ಬಿಟ್ಟು ಪೌಲನ ವಾಕ್ಯ ಓದಿ, ಅವನಂತೆಯೇ ವಸ್ತುವಿನ ಹೆಸರು ಹೇಳಿ ಕೇಳಿ ಎಂದೆ. ಬಹಳ ಹೊತ್ತು ಮೌನ. ಇತರರಿಗಾಗಿ ಪ್ರಾರ್ಥಿಸಲು ಅಭ್ಯಾಸವಾದವರಿಗೆ ತಮಗಾಗಿ ಕೇಳುವುದು ಕಷ್ಟ. ಕೊನೆಗೆ ಒಬ್ಬರು ಒಳಗೆ ನೀರು ಹೋಗದ ಬೂಟು ಬೇಕು, ಅಳತೆ ಒಂಬತ್ತು ಎಂದರು. ಇನ್ನೊಬ್ಬರಿಗೆ ರಾತ್ರಿ ಒಂಬತ್ತರ ನಂತರ ಯಾರಾದರೂ ಫೋನ್ ಮಾಡಬೇಕಿತ್ತು. ಕತ್ತಲೆ ಬೇಗ ಬೀಳುವ ತಿಂಗಳುಗಳಲ್ಲಿ ಮನಸ್ಸು ಕುಸಿಯುತ್ತದೆ ಎಂದರು. ಬೂಟು ಸಿಕ್ಕಿತು. ಫೋನ್ ಮಾಡುವ ಸರದಿಯಲ್ಲಿ ನಾವು ಎರಡು ಸಲ ತಪ್ಪಿದೆವು, ಆಮೇಲೆ ಗೋಡೆಯ ಮೇಲೆ ಪಟ್ಟಿ ಅಂಟಿಸಿಕೊಂಡೆವು.

ಈ ವರ್ಷ ಮೊದಲ ಹಿಮಕ್ಕೆ ಎರಡು ವಾರ ಮುಂಚೆಯೇ ಹಿರಿಯಮ್ಮನ ಮನೆಗೆ ಹೋಗಿ ಏನು ಬೇಕು ಎಂದು ಕೇಳಿದೆ. ಅವರ ಪಟ್ಟಿ ಸಿದ್ಧವಾಗಿತ್ತು: ಮೆಟ್ಟಿಲಿಗೆ ಚೆಲ್ಲುವ ಉಪ್ಪು, ಕಿಟಕಿಯ ಸಂದಿಗೆ ರಬ್ಬರ್ ಪಟ್ಟಿ, ಕಣ್ಣು ಮಂಜಾಗಿರುವುದರಿಂದ ವಾರಕ್ಕೆರಡು ಸಂಜೆ ಸತ್ಯವೇದ ಓದಿ ಹೇಳುವವರು. ಮೂರನೆಯದಕ್ಕೆ ನಾನೇ ಬರುತ್ತೇನೆ ಎಂದೆ.

“ಬನ್ನಿ,” ಎಂದರು, “ಕೈಗವಸು ಮಾತ್ರ ಬಾಗಿಲಲ್ಲೇ ತೆಗೆದಿಡಿ. ನಾನು ಆದಿಕಾಂಡದಿಂದ ಕೇಳಬೇಕು.”