ಮರಕ್ಕೆ ಮೂರನೆಯ ಕೊನೆ ಎಲ್ಲಿದೆ?

'40 ಅಡಿಕೆ ಮರಗಳಿವೆ. ಪ್ರತಿ ಮರದಲ್ಲಿ 3 ಕೊನೆಗಳಿವೆ. ಕೊನೆಗೌಡ ಅವುಗಳಲ್ಲಿ ಕಾಲು ಭಾಗ ಇಳಿಸಿದರೆ ಉಳಿಯುವ ಕೊನೆಗಳೆಷ್ಟು?'

ಎಂಟನೆಯ ತರಗತಿಯ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯ ಅಭ್ಯಾಸ ಪತ್ರಿಕೆಗೆ ನಾನೇ ಬರೆದ ಪ್ರಶ್ನೆ ಇದು. ಉತ್ತರ 90. ಶಿರಸಿ ಕಡೆಯ ಶಾಲೆಯಲ್ಲಿ ಬಹುತೇಕ ಮಕ್ಕಳು ಸರಿಯಾಗಿ ಗುರುತಿಸಿದರು. ಕಾರವಾರದ ಕಡಲಂಚಿನ ನನ್ನ ತರಗತಿಯಲ್ಲಿ ಲೆಕ್ಕದಲ್ಲಿ ಚುರುಕಾದವರೇ ಎಡವಿದರು.

ಭಿನ್ನರಾಶಿ ಕಲಿಸಿದ್ದು ಸಾಲದೇನೋ ಎಂದುಕೊಂಡೆ. ಆದರೆ ಅದೇ ಪತ್ರಿಕೆಯಲ್ಲಿದ್ದ ಇನ್ನೊಂದು ಕಾಲು ಭಾಗದ ಲೆಕ್ಕವನ್ನು ಅವರು ನೀರು ಕುಡಿದಷ್ಟು ಸುಲಭವಾಗಿ ಮಾಡಿದ್ದರು. ಸಂಶಯ ಬಂದು ಎರಡೂ ಶಾಲೆಗಳ ಉತ್ತರ ಪತ್ರಿಕೆಗಳನ್ನು ಹರಡಿಕೊಂಡು ಕುಳಿತೆ. ಈ ಪ್ರಶ್ನೆಯನ್ನು ಬಿಟ್ಟು ಉಳಿದವುಗಳಲ್ಲಿ ಹೆಚ್ಚುಕಡಿಮೆ ಸಮಾನ ಅಂಕ ಪಡೆದ ಮಕ್ಕಳನ್ನು ಒಂದೊಂದು ಗುಂಪು ಮಾಡಿದೆ. ಪ್ರತಿ ಗುಂಪಿನೊಳಗೆ ಘಟ್ಟದವರೆಷ್ಟು, ಕರಾವಳಿಯವರೆಷ್ಟು ಸರಿಯುತ್ತರ ಕೊಟ್ಟಿದ್ದಾರೆ ಎಂದು ಎಣಿಸಿದೆ. ಇಡೀ ಶಾಲೆಯ ಸರಾಸರಿಗಳನ್ನು ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಸಮಬಲದವರನ್ನೇ ಎದುರುಬದುರು ಇಡಬೇಕು. 1959ರಲ್ಲಿ ಮ್ಯಾಂಟೆಲ್ ಮತ್ತು ಹೆನ್ಸೆಲ್ ಎಂಬ ಸಂಶೋಧಕರು ರೋಗಗಳ ಅಧ್ಯಯನಕ್ಕಾಗಿ ರೂಪಿಸಿದ ವಿಧಾನವನ್ನು 1988ರಲ್ಲಿ ಹಾಲೆಂಡ್ ಮತ್ತು ಥೇಯರ್ ಎಂಬ ಸಂಶೋಧಕರು ಪರೀಕ್ಷಾ ಪ್ರಶ್ನೆಗಳಿಗೆ ಅನ್ವಯಿಸಿದ್ದರ ತಿರುಳೂ ಇದೇ. ನನ್ನ ಬಳಿಯಿದ್ದ ಪತ್ರಿಕೆಗಳು ಪೂರ್ತಿ ಗಣಿತ ನಡೆಸುವಷ್ಟಿರಲಿಲ್ಲ. ಆದರೂ ಪ್ರತಿ ಗುಂಪಿನಲ್ಲೂ ನಮ್ಮ ಮಕ್ಕಳೇ ಹಿಂದೆ ಬಿದ್ದಿದ್ದರು.

ಎಲ್ಲಿ ಎಡವಿದರೆಂಬುದು ಅಂಕಪಟ್ಟಿಯಿಂದ ತಿಳಿಯಲಿಲ್ಲ. ಮನೆಯಲ್ಲಿ ಕೊಂಕಣಿ ಮಾತನಾಡುವ, ತಂದೆ ಮೀನುಗಾರನಾಗಿರುವ ಹುಡುಗಿಯೊಬ್ಬಳನ್ನು ಕರೆದು, ಪ್ರಶ್ನೆಯನ್ನು ಗಟ್ಟಿಯಾಗಿ ಓದಿ ಮನಸ್ಸಿಗೆ ಬಂದದ್ದನ್ನೆಲ್ಲ ಹೇಳು ಎಂದೆ. ಎರಡನೆಯ ವಾಕ್ಯಕ್ಕೆ ನಿಂತಳು. ಚಿತ್ರ ಬರೆಯುವಂತೆ ಬೆರಳಿನಿಂದ ಮೇಜಿನ ಮೇಲೆ ಉದ್ದ ಗೆರೆ ಎಳೆದಳು. "ಅಕ್ಕೋರೇ, ಬುಡ ಒಂದು ಕೊನೆ, ತುದಿ ಒಂದು ಕೊನೆ. ಮೂರನೆಯದು ಎಲ್ಲಿದೆ?"

ನಾನು ಹುಟ್ಟಿ ಬೆಳೆದದ್ದು ಶಿರಸಿಯ ಅಡಿಕೆ ತೋಟದ ಮನೆಯಲ್ಲಿ. ಕೊನೆ ಎಂದರೆ ಅಡಿಕೆ ಗೊಂಚಲು, ಕೊನೆಗೌಡ ಎಂದರೆ ಮರ ಹತ್ತಿ ಅದನ್ನು ಇಳಿಸುವವನು. ಈ ಮಾತುಗಳಿಗೆ ವಿವರಣೆ ಬೇಕೆಂದು ನನಗೆ ಎಂದೂ ಅನ್ನಿಸಿರಲಿಲ್ಲ. ಆ ಹುಡುಗಿ ಬಲ್ಲ ಕೊನೆಯೂ ಶುದ್ಧ ಕನ್ನಡವೇ. ನಾನು ಅಳೆದದ್ದು ಅವಳ ಗಣಿತವನ್ನಲ್ಲ, ನನ್ನ ತವರಿನ ಪರಿಚಯವನ್ನು. ನಿಜವಾದ ಪರೀಕ್ಷೆಯಲ್ಲಿ ಹೀಗಾದರೆ ವರ್ಷಕ್ಕೆ 12,000 ರೂಪಾಯಿಯ ವಿದ್ಯಾರ್ಥಿವೇತನವೇ ಕೈತಪ್ಪಬಹುದು. ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅಂತರ ಕಂಡಲ್ಲೆಲ್ಲ ಪ್ರಶ್ನೆ ತೆಗೆಯಬೇಕೆಂದಲ್ಲ. ಉಬ್ಬರವಿಳಿತದ ಪ್ರಶ್ನೆಯಲ್ಲಿ ನಮ್ಮ ಮಕ್ಕಳು ಮುಂದಿದ್ದರು. ಅದನ್ನು ಉಳಿಸಿಕೊಂಡೆ: ಉಬ್ಬರವಿಳಿತ ಪಾಠದಲ್ಲಿದೆ, ಘಟ್ಟದ ಮಕ್ಕಳೂ ಕಲಿಯಬೇಕಾದದ್ದೇ. ಅಡಿಕೆ ಕೊನೆ ಯಾವ ಪಾಠದಲ್ಲೂ ಇರಲಿಲ್ಲ.

ಪ್ರಶ್ನೆಯನ್ನು 40 ತೆಂಗಿನ ಮರ, ತಲಾ 12 ಕಾಯಿ ಎಂದು ಬದಲಿಸಿದೆ. ಕಾಲು ಭಾಗ ಹಾಗೆಯೇ ಉಳಿಯಿತು. ಇನ್ನೊಂದು ತಂಡದ ಮಕ್ಕಳಿಗೆ ಕೊಟ್ಟಾಗ ಎರಡೂ ಕಡೆಯವರು ಹೆಚ್ಚುಕಡಿಮೆ ಸಮಸಮ ಬಂದರು. ಈಗ ನಾನು ಬರೆದ ಪತ್ರಿಕೆ ಕರಾವಳಿಯ ಒಬ್ಬ ಶಿಕ್ಷಕರ, ಘಟ್ಟದ ಒಬ್ಬರ ಕಣ್ಣಿಗೆ ಬೀಳದೆ ಮುದ್ರಣಕ್ಕೆ ಹೋಗುವುದಿಲ್ಲ. ಅದಕ್ಕೂ ಮೊದಲು ಇಬ್ಬರು ಮಕ್ಕಳು ಅದನ್ನು ಗಟ್ಟಿಯಾಗಿ ಓದುತ್ತಾರೆ. ಅವರು ಎಲ್ಲಿ ತಡವರಿಸುತ್ತಾರೋ ಆ ಪದದ ಕೆಳಗೆ ಗೆರೆ ಎಳೆಯುತ್ತಾ ಪಕ್ಕದಲ್ಲಿ ಕುಳಿತಿರುತ್ತೇನೆ.