ಔಟ್‌ಬೋರ್ಡ್ ಎಂಜಿನ್ ಸುಡುತ್ತಿತ್ತು, ಕಾರಣ ಮರಳು

ಮಂಗಳೂರಿನ ಬೆಂಗ್ರೆಯಲ್ಲಿ ನಾವು ನಾಲ್ವರು ಗೆಳೆಯರು ಸೇರಿ ಒಂದು ಫೈಬರ್ ದೋಣಿ ಇಟ್ಟುಕೊಂಡಿದ್ದೇವೆ. ಭಾನುವಾರ ಫಲ್ಗುಣಿ ನದಿಯಲ್ಲಿ ಊರಿನ ಹುಡುಗರದ್ದೇ ನೇರ ಓಟದ ಪಂದ್ಯ. ಶನಿವಾರ ಸಂಜೆ ಟ್ರಯಲ್‌ನಲ್ಲಿ ದೋಣಿಯ ಹಿಂಬದಿಗೆ ಕಟ್ಟಿದ ಔಟ್‌ಬೋರ್ಡ್ ಎಂಜಿನ್ ಸಿಕ್ಕಾಪಟ್ಟೆ ಬಿಸಿಯಾಯಿತು. ಎಂಜಿನ್ ತಣಿಸಿ ಹಿಂದಿನ ಸಣ್ಣ ತೂತಿನಿಂದ ಚಿಮ್ಮಬೇಕಾದ ನೀರು ಸುಮ್ನೆ ತೊಟ್ಟಿಕ್ಕುತ್ತಿತ್ತು.

ತೂತಿಗೆ ತೆಳು ತಂತಿ ಹಾಕಿ ನೋಡಿದೆ. ಕಸ ಇರಲಿಲ್ಲ. ಹಾಗಾದರೆ ನೀರಿನ ಪಂಪೇ, ಅಲ್ವಾ? ಕೆಳಗಿನ ಗೇರ್ ಭಾಗ ಬಿಚ್ಚಲು ಕೂತೆವು. ಒಬ್ಬ ಟಾರ್ಚ್ ಹಿಡಿದ. ಇನ್ನೊಬ್ಬ ಉಪ್ಪು ಕಚ್ಚಿದ ಬೋಲ್ಟ್‌ಗಳಿಗೆ ಎಣ್ಣೆ ಬಿಟ್ಟು, ತಾಳ್ಮೆಯಿಂದ ಒಂದೊಂದಾಗಿ ಸಡಿಲಿಸಿದ. ಒಳಗೆ ನೀರು ತಳ್ಳುವ ರಬ್ಬರ್ ಚಕ್ರದ, ಅಂದರೆ ಇಂಪೆಲ್ಲರ್‌ನ, ಎರಡು ರೆಕ್ಕೆ ಬುಡದಲ್ಲೇ ಹರಿದಿದ್ದವು. ಉಳಿದವು ಒಂದೇ ಕಡೆ ಬಾಗಿ ಗಟ್ಟಿಯಾಗಿದ್ದವು. ನದಿ ಕಡಲು ಸೇರುವ ಅಳಿವೆ ಬಾಗಿಲಲ್ಲಿ ನೀರಿಳಿದಾಗ ಓಡಿಸಿ ಮರಳು ಎಳೆಸಿದ್ದು ನಾವೇ.

ಹೊಸದನ್ನು ಶಾಫ್ಟ್ ತಿರುಗುವ ದಿಕ್ಕಿಗೇ ತಿರುಗಿಸುತ್ತಾ ಕೂರಿಸಿ. ಹರಿದ ಚೂರುಗಳನ್ನು ಹುಡುಕಿ ತೆಗೆಯಲೇಬೇಕು, ಇಲ್ಲದಿದ್ದರೆ ನೀರಿನ ದಾರಿ ಕಟ್ಟುತ್ತದೆ. ಈಗ ಪ್ರತಿ ಸಲ ಓಡಿಸಿದ ಮೇಲೆ ಸಿಹಿನೀರಿನ ಡ್ರಮ್‌ನಲ್ಲಿ ಸ್ವಲ್ಪ ಹೊತ್ತು ಓಡಿಸುತ್ತೇವೆ.

ರಾತ್ರಿ ಹನ್ನೊಂದಕ್ಕೆ ನೀರು ಜೋರಾಗಿ ಚಿಮ್ಮಿತು. ಆ ಇಂಪೆಲ್ಲರ್ ಕೊಟ್ಟದ್ದು ಎದುರು ತಂಡದವರು, ತಮ್ಮ ಸ್ಪೇರ್ ಡಬ್ಬದಿಂದ. ಬೆಳಿಗ್ಗೆ ಗೆದ್ದದ್ದೂ ಅವರೇ. ನಮಗೆ ತುಂಬಾ ಖುಷಿಯಾಯಿತು.